ಚಂದ್ರಪ್ಪನವರ ರಕ್ತದ ವಿಷಯ

ರತ್ನಮ್ಮನವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಇದನ್ನು ಹೊಗಳಿಕೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಅವರಿಗೆ ಹೇಳಲು ಬರುತ್ತಿರಲಿಲ್ಲ, ಅಷ್ಟೇ. ದಿಲ್ಲಿಯ ಲಕ್ಷ್ಮೀ ನಗರದ ತಮ್ಮ ಓಣಿಯಲ್ಲಿ ತರಕಾರಿ ಗಾಡಿಯ ಭಯ್ಯಾನ ಹತ್ತಿರ ಚೌಕಾಸಿಗೆಂದು ಒಂದು ಸಣ್ಣ ಸುಳ್ಳು ಹೇಳಬೇಕಾದರೂ ಕಿವಿ ಕೆಂಪಗಾಗುತ್ತಿತ್ತು. ಅಂಥವರು ಫೆಬ್ರವರಿಯ ಒಂದು ಮಧ್ಯಾಹ್ನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಗಂಡನ ಮುಖ ನೋಡದೆ, "ಎಲ್ಲ ನಾರ್ಮಲ್ ಅಂತೆ ರೀ" ಎಂದುಬಿಟ್ಟರು.

"ನಾ ಹೇಳಿರಲಿಲ್ವಾ?" ಎಂದರು ಚಂದ್ರಪ್ಪ. ಕೈಯಲ್ಲಿದ್ದ ಪಿಂಚಣಿದಾರರ ಕಾರ್ಡಿನ ಪ್ರತಿಗೆ ಸೀಲು ಬಿದ್ದಿತ್ತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಜೀವಮಾನವೆಲ್ಲ ಕಳೆದ ಅವರಿಗೆ ಸರದಿಯಲ್ಲಿ ನಿಂತು ಸೀಲು ಹಾಕಿಸುವುದೆಂದರೆ ದೇವಸ್ಥಾನಕ್ಕೆ ಹೋಗಿಬಂದಷ್ಟು ಸಮಾಧಾನ. ಅವರು ಕೆಳಗೆ ಹಾಗೆ ನಿಂತಿದ್ದಾಗಲೇ ಮೇಲೆ ಡಾಕ್ಟರ್ ಭಾಟಿಯಾ ರತ್ನಮ್ಮನವರಿಗೂ ಮಗನಿಗೂ ನಿಜ ಸಂಗತಿ ಹೇಳಿದ್ದು.

ಮೂರು ವರ್ಷದ ಹಿಂದೆ ಚಂದ್ರಪ್ಪನವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. ರೇಡಿಯೇಶನ್ ಆಯಿತು, ಇಂಜೆಕ್ಷನ್ ಆಯಿತು, ಕಾಯಿಲೆ ತಣ್ಣಗಾಯಿತು. ಆಮೇಲೆ ಆರು ತಿಂಗಳಿಗೊಮ್ಮೆ ರಕ್ತ ಕೊಡುವುದು, ಪಿಎಸ್‌ಎ ಎಂಬ ಅಂಕಿ ನೋಡುವುದು, ಉಸಿರು ಬಿಡುವುದು. ಈ ಸಲ ಡಾಕ್ಟರು, ಕಾಯಿಲೆ ಮುಂದೆ ಹರಡುವ ಸೂಚನೆಯೇನಾದರೂ ಇದೆಯೇ ನೋಡೋಣವೆಂದು ಅದರ ಜೊತೆಗೆ ಇನ್ನೆರಡು ಪರೀಕ್ಷೆ ಬರೆದುಕೊಟ್ಟಿದ್ದರು.

"ಪಿಎಸ್‌ಎ ಇದ್ದಲ್ಲೇ ಇದೆ," ಎಂದರು ಡಾಕ್ಟರು ಹಿಂದಿಯಲ್ಲಿ. "ಆದರೆ ಮೂಳೆಗೆ ಸಂಬಂಧಿಸಿದ ಇನ್ನೊಂದು ಅಂಶ ಏರಿದೆ. ಈ ಕಾಯಿಲೆ ಹರಡಲು ಹೊರಟರೆ ಸಾಮಾನ್ಯವಾಗಿ ಮೂಳೆಗೆ ಹೋಗುತ್ತದೆ. ರಕ್ತ ದಿಕ್ಕು ತೋರಿಸುತ್ತದೆ, ಅಷ್ಟೇ. ಅದರ ಮೇಲೇ ತೀರ್ಮಾನ ಮಾಡುವ ಹಾಗಿಲ್ಲ. ಮೂಳೆಗಳ ಸ್ಕ್ಯಾನ್ ಮಾಡಿಸೋಣ. ಈಚೆಗೆ ಬಿದ್ದದ್ದು, ಪೆಟ್ಟಾದದ್ದು ಏನಾದರೂ ಇದೆಯೆ?"

ಮಗ ಮಹಂತೇಶ್ ಬಾಯಿ ತೆರೆಯುವ ಮೊದಲೇ ರತ್ನಮ್ಮ ಉತ್ತರಿಸಿದ್ದರು. "ಬೀಳೋ ಮಾತೆಲ್ಲಿ ಬಂತು ಡಾಕ್ಟರ್? ಅವರು ಸ್ಟೂಲ್ ಕೂಡ ಹತ್ತೋದಿಲ್ಲ. ಮೊಮ್ಮಗಳ ತಲೆ ಮುಟ್ಟಿ ಆಣೆ ಮಾಡಿದ್ದಾರೆ."

ಆ ಆಣೆ ಮಾಡಿಸಿದವರೂ ಅವರೇ. ಇಂಜೆಕ್ಷನ್ನಿನಿಂದ ಮೂಳೆ ಟೊಳ್ಳಾಗಿರುತ್ತದೆ, ಬೀಳದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಹಿಂದೆಯೇ ಎಚ್ಚರಿಸಿದ್ದರು. ಆದರೆ ಅವರ ಕಟ್ಟಡದ ತಾರಸಿಯಲ್ಲಿ ಮನೆಗೊಂದು ನೀರಿನ ಟಂಕಿ. ಬೆಳಿಗ್ಗೆ ನೀರು ಬಂದಾಗ ಮೋಟರ್ ಹಾಕಬೇಕು. ಟಂಕಿ ತುಂಬಿದಾಗ ನೀರು ನಿಲ್ಲಿಸುವ ತೇಲುಚೆಂಡು ಇವರದರಲ್ಲಿ ಆಗಾಗ ಸಿಕ್ಕಿಕೊಂಡು ನೀರು ಉಕ್ಕಿ ಹರಿಯುತ್ತಿತ್ತು. ಅದನ್ನು ಬಿಡಿಸಲು ಕಬ್ಬಿಣದ ಏಣಿ ಹತ್ತುವುದು ತಮ್ಮ ಖಾತೆಯ ಕೆಲಸವೆಂದು ಚಂದ್ರಪ್ಪ ತೀರ್ಮಾನಿಸಿಬಿಟ್ಟಿದ್ದರು. ಹೇಳಿ ಹೇಳಿ ಸಾಕಾಗಿ ದೀಪಾವಳಿಯ ದಿನ ರತ್ನಮ್ಮ ಅವರ ಬಲಗೈ ಹಿಡಿದು ಎಳೆದು ಮೊಮ್ಮಗಳು ಸಿಂಚನಾಳ ತಲೆಯ ಮೇಲೆ ಇಟ್ಟು, "ಏಣಿ ಮುಟ್ಟಲ್ಲ ಅನ್ನಿ" ಎಂದಿದ್ದರು. ಅವರು ಅಂದಿದ್ದರು.

ಸ್ಕ್ಯಾನಿನ ದಿನ ಸಿಕ್ಕಿದ್ದು ಮುಂದಿನ ತಿಂಗಳು. ಅಲ್ಲಿಯತನಕ ಗಂಡನಿಗೆ ಏನೂ ಹೇಳಬೇಡಿ ಎಂದು ರತ್ನಮ್ಮ ಡಾಕ್ಟರಿಗೆ ಕೈ ಮುಗಿದರು. ಡಾಕ್ಟರಿಗೆ ಇದು ಹಿಡಿಸಲಿಲ್ಲ. "ಕಾಯಿಲೆ ಅವರದು ಮಾತಾಜಿ. ಸ್ಕ್ಯಾನ್ ಆದ ಮೇಲೆ ನಾನೇ ಅವರಿಗೆ ಹೇಳುತ್ತೇನೆ. ಅಷ್ಟರೊಳಗೆ ನೀವೇ ಹೇಳಿದರೆ ಒಳ್ಳೆಯದು," ಎಂದರು.

ಆ ದಿನದಿಂದ ರತ್ನಮ್ಮನವರ ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಹೇಳಲಾಗದ್ದನ್ನೆಲ್ಲ ಅವರು ಅಡಿಗೆ ಮಾಡಿ ಬಡಿಸತೊಡಗಿದರು. ಒಂದು ದಿನ ಹೋಳಿಗೆ, ಒಂದು ದಿನ ಎಣ್ಣೆಗಾಯಿ. ಕರೋಲ್ ಬಾಗಿನ ತನಕ ಹೋಗಿ ಮಂಡಕ್ಕಿಗೆ ಬೇಕಾದ ಹುರಿಗಡಲೆ, ಒಣಕೊಬ್ಬರಿ ತಂದರು. ಭಾನುವಾರ ಬಂತೆಂದರೆ ದಾವಣಗೆರೆಯ ಬೆಣ್ಣೆದೋಸೆ. ಮೂರು ವರ್ಷದಿಂದ ಬೆಣ್ಣೆಯ ಡಬ್ಬಿಯನ್ನು ಗಂಡನ ಕಣ್ಣಿಗೆ ಬೀಳದಂತೆ ಇಡುತ್ತಿದ್ದವರು ಈಗ ದೋಸೆಯ ಮೇಲೆ ತಾವೇ ಎರಡೆರಡು ಚಮಚ ಹಾಕುತ್ತಿದ್ದರು.

"ಏನೇ ಇದು?" ಎಂದು ಕೇಳಿದರು ಚಂದ್ರಪ್ಪ. "ಮನೆಗೆ ಯಾರಾದ್ರೂ ಬೀಗರು ಬಂದಿದ್ದಾರಾ?"

"ತಿನ್ನಿ ಸುಮ್ನೆ."

"ತಿಂತೀನಿ. ನಿನ್ನೆ ಸ್ನಾನದ ಮನೆ ದೀಪ ಆರಿಸದೆ ಬಂದೆ, ನೀನು ಏನೂ ಅನ್ನಲಿಲ್ಲ. ಒದ್ದೆ ಟವೆಲ್ ಮಂಚದ ಮೇಲೆ ಹಾಕಿದೆ, ಅದಕ್ಕೂ ಅನ್ನಲಿಲ್ಲ. ಮೈಯಲ್ಲಿ ಹುಷಾರಿದೆಯಾ?"

ರತ್ನಮ್ಮ ಒಲೆಯ ಕಡೆ ತಿರುಗಿದರು. ಬೈಯಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ. ಈ ಮನುಷ್ಯ ಇನ್ನೆಷ್ಟು ದಿನವೋ ಎಂದುಕೊಂಡ ಮೇಲೆ ಒದ್ದೆ ಟವೆಲಿಗೆ ಯಾರು ಬೈದಾರು? ಅವರ ನಡಿಗೆ, ಉಸಿರು, ಹೊರಳಾಟ ಎಲ್ಲವನ್ನೂ ಕದ್ದು ನೋಡುತ್ತಿದ್ದರು. ಚಂದ್ರಪ್ಪ ಎಡಮಗ್ಗುಲಿಗೆ ಹೊರಳಿದರೆ ನರಳುತ್ತಿದ್ದರು. ಕೇಳಿದರೆ "ಈ ದಿಲ್ಲಿ ಚಳಿಗೆ ಪಕ್ಕೆ ಹಿಡಿದಿದೆ" ಎನ್ನುತ್ತಿದ್ದರು. ಚಳಿ ಆಗಲೇ ಇಳಿದುಹೋಗಿತ್ತು. ಅಂದರೆ ಮೂಳೆಗೆ ಬಂದೇಬಿಟ್ಟಿತೆಂದು ರತ್ನಮ್ಮ ಲೆಕ್ಕ ಹಾಕುತ್ತಿದ್ದರು.

ಸೊಸೆ ಮೈತ್ರೇಯಿಗೆ ಈ ಗುಟ್ಟು ಸರಿಬರಲಿಲ್ಲ. ಅವಳು ಅಲ್ಲೇ ಹತ್ತಿರದ ಕೋಚಿಂಗ್ ಸೆಂಟರಿನಲ್ಲಿ ಹುಡುಗರಿಗೆ ಇಂಗ್ಲಿಷ್ ಕಲಿಸುತ್ತಿದ್ದಳು; ದಿನವಿಡೀ ಮಾತಾಡಿ ಬಂದವಳು ಮನೆಯಲ್ಲಿ ಕಡಿಮೆ ಮಾತಾಡುತ್ತಿದ್ದಳು. ಆಡಿದರೆ ಮಾತ್ರ ನೆಟ್ಟಗೆ.

"ಅತ್ತೆ, ರಕ್ತ ಯಾರದು?" ಎಂದು ಕೇಳಿದಳು ಒಂದು ಸಂಜೆ, ಬಟಾಣಿ ಬಿಡಿಸುತ್ತ.

"ಯಾರದು ಅಂದ್ರೆ?"

"ಮಾವಂದು ತಾನೆ? ನಿಮಗೆ ಗೊತ್ತು, ಇವರಿಗೆ ಗೊತ್ತು, ನನಗೆ ಗೊತ್ತು. ಊರಲ್ಲಿರೋ ನಿಮ್ಮ ತಂಗಿಗೂ ಗೊತ್ತು. ಅವರಿಗೊಬ್ಬರಿಗೇ ಗೊತ್ತಿಲ್ಲ."

"ನಿಮ್ಮ ಕಡೆ ಹಂಗೇ ಮುಖಕ್ಕೆ ಹೊಡೆದ ಹಾಗೆ ಹೇಳ್ತಾರೇನೋ."

"ಕಡೆ ಗಿಡೆ ಬಿಡಿ ಅತ್ತೆ. ಅವರಿಗೆ ಏನಾದ್ರೂ ಕೇಳೋದಿರುತ್ತೆ, ಹೇಳೋದಿರುತ್ತೆ."

"ನಮ್ಮಪ್ಪನಿಗೆ ಹೇಳಿದ್ರು ಕಣೆ," ಎಂದರು ರತ್ನಮ್ಮ. "ಹೊಲದಿಂದ ನಡ್ಕೊಂಡು ಬಂದಿದ್ದ ಮನುಷ್ಯ. ಡಾಕ್ಟರು ಹೇಳಿದ ಮಾರನೇ ದಿನದಿಂದ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ರು. ಕಾಯಿಲೆ ಕೊಲ್ಲಲಿಲ್ಲ, ಮಾತು ಕೊಂದುಹಾಕ್ತು. ನನ್ನ ಗಂಡನಿಗೆ ಹಾಗಾಗೋದು ನಂಗೆ ಬೇಡ."

ಮೈತ್ರೇಯಿ ಬಟಾಣಿ ಸಿಪ್ಪೆಯನ್ನು ಬುಟ್ಟಿಗೆ ಹಾಕುವಾಗ ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ ಹಾಕಿದಳು. ಗುರುಗ್ರಾಮದ ಆಫೀಸಿನಿಂದ ಮೆಟ್ರೋದಲ್ಲಿ ನಿಂತೇ ಬಂದ ಮಹಂತೇಶನಿಗೆ ಬಾಗಿಲಲ್ಲೇ ತಾಯಿ ಒಂದು ಹೇಳಿದರು, ಕೋಣೆಯಲ್ಲಿ ಹೆಂಡತಿ ಇನ್ನೊಂದು ಹೇಳಿದಳು. ಅತ್ತ ದರಿ ಇತ್ತ ಪುಲಿ. ಅವನು ಇಬ್ಬರಿಗೂ "ಸರಿ" ಎಂದು ಹೇಳಿ ಇಬ್ಬರಿಂದಲೂ ಬೈಸಿಕೊಂಡ.

ಇಷ್ಟರಲ್ಲಿ ಸಿಂಚನಾಳಿಗೆ ಜ್ವರ ಬಂತು. ಶಾಲೆಯಲ್ಲಿ ಅರ್ಧ ತರಗತಿಗೆ ಬಂದಿದ್ದ ಜ್ವರವೇ, ಗಾಬರಿಯಾಗುವಂಥದೇನಿರಲಿಲ್ಲ. ಆದರೆ ಚಂದ್ರಪ್ಪ ಊಟ ಬಿಟ್ಟರು. ಮೊಮ್ಮಗಳ ಮಂಚ ಬಿಟ್ಟು ಏಳಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕುವುದು, ವಿಭೂತಿ ಹಚ್ಚುವುದು, ಮತ್ತೆ ಒದ್ದೆ ಬಟ್ಟೆ ಹಾಕುವುದು.

"ಅಜ್ಜ, ನಂಗೇನೂ ಆಗಿಲ್ಲ, ಬಸ್ ಬುಖಾರ್ ಹೈ," ಎಂದಳು ಹುಡುಗಿ, ಬರೀ ಜ್ವರ ತಾನೇ ಎಂದು ತನ್ನ ಹಿಂದಿ ಬೆರೆತ ಕನ್ನಡದಲ್ಲಿ. "ನೀವು ಜಾಕೆ ಊಟ ಮಾಡಿ ನಾ."

ನಡುರಾತ್ರಿ ರತ್ನಮ್ಮ ಎದ್ದು ಬಂದು ನೋಡಿದರೆ ಚಂದ್ರಪ್ಪ ದೇವರ ಗೂಡಿನ ಮುಂದೆ ನಿಂತು ಗಲ್ಲ ಬಡಿದುಕೊಳ್ಳುತ್ತಿದ್ದರು. "ತಪ್ಪಾಯ್ತಪ್ಪಾ, ತಪ್ಪಾಯ್ತು. ಏನಿದ್ರೂ ನನ್ನ ಮೇಲಿರಲಿ." ಇವರಿಗೆ ಒಳಗೇ ಗೊತ್ತಾಗಿದೆ, ದೇವರ ಹತ್ತಿರ ಲೆಕ್ಕ ಮುಗಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ರತ್ನಮ್ಮ ಸದ್ದಿಲ್ಲದೆ ಹಿಂದೆ ಸರಿದರು. ಮೊಮ್ಮಗಳ ಜ್ವರ ಬಂದ ಹಾಗೇ ಬಿಟ್ಟಿತು. ಚಂದ್ರಪ್ಪನವರ ಮುಖ ಮಾತ್ರ ಏಳಲಿಲ್ಲ.

ಸ್ಕ್ಯಾನ್ ಹತ್ತಿರ ಬಂತು. ಭಾನುವಾರ ಸಿಂಚನಾ ಕೆಳಗಿನ ಮನೆಗೆ ಆಡಲು ಹೋಗಿದ್ದಳು. ಉಳಿದವರೆಲ್ಲ ಊಟಕ್ಕೆ ಕುಳಿತಿದ್ದಾಗ ರತ್ನಮ್ಮ ಜೋಳದ ರೊಟ್ಟಿ ಬಡಿಸುತ್ತ ಬಹಳ ಸಹಜವಾಗಿ ಹೇಳಿದರು. ಅಂದರೆ ಸಹಜವೆಂದು ಅವರಿಗೆ ಅನ್ನಿಸಿತು, ಕಿವಿ ಕೆಂಪಗಾಗಿತ್ತು.

"ನಾಳೆ ಆಸ್ಪತ್ರೆಗೆ ಹೋಗಿ ಬರೋಣ ರೀ. ಸುಮ್ನೆ ಒಂದು ಫೋಟೋ ತೆಗೀಬೇಕಂತೆ."

"ಎಲ್ಲ ನಾರ್ಮಲ್ ಅಂದ ಮೇಲೆ ಫೋಟೋ ಯಾಕೆ?"

ರತ್ನಮ್ಮ ಮಗನನ್ನು ನೋಡಿದರು.

"ರೊಟೀನ್ ಅಪ್ಪಾಜಿ," ಎಂದ ಮಹಂತೇಶ್.

"ಯಾವುದರ ಫೋಟೋ?"

"ಮೂಳೆದು. ಇಡೀ ಮೈದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಂದ್ರಪ್ಪನವರ ಕೈ ತಾನಾಗಿ ಎಡಪಕ್ಕೆಗೆ ಹೋಯಿತು. "ನನ್ನ ಮೂಳೆ ಚೆನ್ನಾಗಿದೆ," ಎಂದರು. "ನಾ ಬರಲ್ಲ."

"ಬರಲ್ಲ ಅಂದ್ರೆ ಹೆಂಗೆ?"

"ಬರಲ್ಲ ಅಂದ್ರೆ ಬರಲ್ಲ. ರಕ್ತ ಕೊಟ್ಟಾಯ್ತು. ಇನ್ನು ಮೈಯೆಲ್ಲ ಬಿಚ್ಚಿ ತೋರಿಸೋಕಾಗಲ್ಲ ನಂಗೆ."

ರತ್ನಮ್ಮ ರೊಟ್ಟಿಯ ತಟ್ಟೆಯನ್ನು ಅಲ್ಲೇ ಇಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡರು. ಇವರು ಬದುಕುವ ಆಸೆಯನ್ನೇ ಬಿಟ್ಟಿದ್ದಾರೆ ಎಂಬ ಒಂದೇ ಯೋಚನೆ ಅವರ ತಲೆ ತುಂಬ. ಅಳು ಒತ್ತರಿಸಿ ಬಂತು.

ಮೈತ್ರೇಯಿ ನೀರಿನ ಲೋಟ ಕೆಳಗಿಟ್ಟಳು. "ಅತ್ತೆ, ನನ್ನ ಮೇಲೆ ಆಮೇಲೆ ಎಷ್ಟು ಬೇಕಾದ್ರೂ ಸಿಟ್ಟು ಮಾಡ್ಕೊಳ್ಳಿ. ಮಾವ, ರಕ್ತದ ವರದಿ ನಾರ್ಮಲ್ ಇಲ್ಲ. ಪಿಎಸ್‌ಎ ಸರಿಯಾಗಿದೆ. ಮೂಳೆಗೆ ಸಂಬಂಧಪಟ್ಟ ಒಂದು ಅಂಕಿ ಏರಿದೆ. ಕಾಯಿಲೆ ಮೂಳೆಗೆ ಹರಡಿದೆಯೇನೋ ಅಂತ ಡಾಕ್ಟರಿಗೆ ಅನುಮಾನ. ಅದಕ್ಕೇ ಸ್ಕ್ಯಾನ್."

ಗೋಡೆಯ ಕಡೆ ಮುಖ ತಿರುಗಿಸುತ್ತಾರೆಯೇ ಎಂದು ರತ್ನಮ್ಮ ಸೆರಗಿನ ಸಂದಿಯಿಂದ ಗಂಡನನ್ನು ನೋಡಿದರು. ಚಂದ್ರಪ್ಪ ತಿರುಗಿಸಲಿಲ್ಲ. ಹಳೆಯ ಕಚೇರಿಯಲ್ಲಿ ಕಡತ ಓದುವಾಗ ಮಾಡುತ್ತಿದ್ದ ಹಾಗೆ ಹುಬ್ಬು ಕೂಡಿಸಿ ಯೋಚಿಸಿದರು.

"ಮೂಳೆ ಮುರಿದು ಕೂಡ್ತಾ ಇದ್ರೂ ಆ ಅಂಕಿ ಏರುತ್ತಾ?" ಎಂದು ಕೇಳಿದರು.

"ಯಾರ ಮೂಳೆ?" ಎಂದ ಮಹಂತೇಶ್.

ಚಂದ್ರಪ್ಪ ಬಾಗಿಲ ಕಡೆ ನೋಡಿದರು. ಮೊಮ್ಮಗಳು ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು. "ಜನವರಿಲಿ ಬಿದ್ದೆ. ಆ ದೊಡ್ಡ ಮಂಜು ಇತ್ತಲ್ಲ, ಆವಾಗ. ಟಂಕಿ ಉಕ್ಕಿ ಕೆಳಗಿನವರ ಬಟ್ಟೆ ಮೇಲೆಲ್ಲ ನೀರು. ಏಣಿ ಹತ್ತಿದೆ. ಮಂಜಿಗೆ ಒದ್ದೆಯಾಗಿತ್ತು, ಕಾಲು ಜಾರಿತು. ಟಂಕಿ ಕಟ್ಟೆ ಅಂಚಿಗೆ ಪಕ್ಕೆ ಬಡೀತು. ಲಟಕ್ ಅಂತ ಸದ್ದು ಬಂತು. ಪಕ್ಕದ ಮನೆಯವರು ಏನೋ ಮುರೀತಿದ್ದಾರೆ ಅಂದ್ಕೊಂಡೆ."

"ಅಪ್ಪಾಜಿ!"

"ಆಮೇಲೆ ಉಸಿರು ತಗೊಂಡಾಗ ಗೊತ್ತಾಯ್ತು, ಮುರಿದದ್ದು ನಂದೇ ಅಂತ. ಕೆಳಗೆ ಕೆಮಿಸ್ಟ್ ಭಯ್ಯಾನ ಹತ್ರ ಮಾತ್ರೆ ತಗೊಂಡೆ."

"ಹೇಳ್ಬೇಕಿತ್ತಲ್ಲ ಮಾವ?" ಎಂದಳು ಮೈತ್ರೇಯಿ.

"ಹೆಂಗೆ ಹೇಳ್ಲಿ? ಮಗೂ ತಲೆ ಮುಟ್ಟಿದ್ದೆ." ಅವರ ಕಣ್ಣು ತುಂಬಿತ್ತು. "ಬಾಯಿ ಬಿಟ್ರೆ ಆಣೆ ಮುರಿದಿದ್ದು ನಿಜ ಆಗುತ್ತೆ. ಯಾರಿಗೂ ಗೊತ್ತಾಗದಿದ್ರೆ ಆಗೇ ಇಲ್ಲ ಅನ್ನೋ ಹಾಗೆ ಇರಬಹುದು ಅಂದ್ಕೊಂಡೆ. ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ಈಗ ಸ್ಕ್ಯಾನಲ್ಲಿ ಎಲ್ಲ ಕಂಡುಬಿಡುತ್ತೆ ಅಂತ ಹೆದರಿ ಬರಲ್ಲ ಅಂದೆ. ನನ್ನಿಂದ ಮಗೂಗೆ ಏನಾದ್ರೂ ಆದ್ರೆ?"

ರತ್ನಮ್ಮನವರಿಗೆ ಆ ಕ್ಷಣದಲ್ಲಿ ಗಂಡನನ್ನು ಬಡಿಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆನ್ನಿಸಿತು, ಎರಡೂ ಮಾಡಲಾಗದೆ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಚೂರು ಚೂರು ಮಾಡಿದರು. ಬಿದ್ದಿದ್ದಾರೆಯೇ ಎಂದು ಡಾಕ್ಟರು ಕೇಳಿದ್ದರು. ಎಷ್ಟು ಜಂಬದಿಂದ ಇಲ್ಲವೆಂದಿದ್ದರು ತಾವು! ಅಂದೇ ಮನೆಗೆ ಬಂದು ಇವರನ್ನು ಒಂದು ಮಾತು ಕೇಳಿದ್ದರೆ ಈ ವಾರಗಳ ಸಂಕಟವೇ ಇರುತ್ತಿರಲಿಲ್ಲ. ಆಣೆ ಮಾಡಿಸಿದವರೂ ತಾವೇ, ಬಾಯಿಗೆ ಬೀಗ ಹಾಕಿಸಿದವರೂ ತಾವೇ.

"ಮಗು ಜ್ವರ ಶಾಲೆಯಿಂದ ಬಂದಿದ್ದು," ಎಂದರು ಕೊನೆಗೆ, ಮೂಗು ಒರೆಸಿಕೊಳ್ಳುತ್ತ. "ದೇವರಿಗೆ ಬೇರೆ ಕೆಲಸ ಇಲ್ವಾ, ನಿಮ್ಮ ಪಕ್ಕೆಮೂಳೆಗೆ ಅವಳ ಮೇಲೆ ಸಿಟ್ಟು ತೀರಿಸ್ಕೊಳ್ಳೋಕೆ? ಆ ಆಣೆ ನಾನು ಇಡಿಸಿದ್ದು, ನಾನೇ ವಾಪಸ್ ತಗೊಂಡೆ. ನಾಳೆ ಬರ್ತೀರೋ ಇಲ್ವೋ?"

"ಬರ್ತೀನಿ."

ಆದರೂ ಮಾರನೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ರತ್ನಮ್ಮನವರ ಅನುಮಾನ ಪೂರ್ತಿ ಹೋಗಿರಲಿಲ್ಲ. ಮೂಳೆ ಮುರಿದಿರುವುದು ನಿಜವೇ ಇರಬಹುದು. ಅದರ ಜೊತೆಗೆ ಇನ್ನೊಂದೂ ಇದ್ದರೆ? ಸ್ಕ್ಯಾನಿಗೆ ಮುಂಚೆ ಚಂದ್ರಪ್ಪನವರಿಗೆ ಒಂದು ಇಂಜೆಕ್ಷನ್ ಕೊಟ್ಟು, ಅದು ಮೂಳೆಗೆಲ್ಲ ಹತ್ತುವ ತನಕ ಕಾಯಬೇಕೆಂದಿದ್ದರು. ಡಬ್ಬಿಯಲ್ಲಿ ತಂದಿದ್ದ ಮೊಸರನ್ನವನ್ನು ಇಬ್ಬರೂ ಒಂದೇ ಚಮಚದಲ್ಲಿ ತಿಂದರು.

"ನಂಗೆ ನಿನ್ನ ಮೇಲೆ ಸಿಟ್ಟಿದೆ," ಎಂದರು ಚಂದ್ರಪ್ಪ, ಎದುರಿನ ಗೋಡೆಯ ಗಡಿಯಾರ ನೋಡುತ್ತ.

"ನಂಗೂ ನಿಮ್ಮ ಮೇಲಿದೆ."

"ನೀನು ಬೈಯೋದು ನಿಲ್ಲಿಸಿದಾಗ ನಾ ಎಷ್ಟು ಹೆದರಿದೆ ಗೊತ್ತಾ? ನಿಂಗೇ ಏನೋ ಆಗಿದೆ, ನನ್ನಿಂದ ಮುಚ್ಚಿಡ್ತಿದೀಯ ಅಂತ."

ರತ್ನಮ್ಮನವರಿಗೆ ಇದು ಹೊಳೆದೇ ಇರಲಿಲ್ಲ. ಅವರು ಗಂಡನ ಮೊಣಕೈ ಹಿಡಿದುಕೊಂಡರು, ಒಳಗಿನಿಂದ ಹೆಸರು ಕೂಗುವವರೆಗೂ ಬಿಡಲಿಲ್ಲ.

ಚಿತ್ರ ಬಂತು, ಎಕ್ಸ್‌ರೇಯೂ ಬಂತು. ಡಾಕ್ಟರ್ ಭಾಟಿಯಾ ಈ ಸಲ ಎಲ್ಲರನ್ನೂ ಒಳಗೆ ಕರೆದು, ಪರದೆಯನ್ನು ಚಂದ್ರಪ್ಪನವರ ಕಡೆಗೇ ತಿರುಗಿಸಿದರು. ಎಡಪಕ್ಕೆಯಲ್ಲಿ ಒಂದರ ಪಕ್ಕ ಒಂದು ಎರಡು ಎಲುಬುಗಳಲ್ಲಿ ಮಾತ್ರ ಕಪ್ಪು ಚುಕ್ಕೆ. ಎಕ್ಸ್‌ರೇಯಲ್ಲಿ ಅದೇ ಜಾಗದಲ್ಲಿ ಮುರಿದು ಕೂಡುತ್ತಿರುವ ಗುರುತು. ಬೆನ್ನುಮೂಳೆ, ಸೊಂಟ, ತೊಡೆ, ಎಲ್ಲ ಸ್ವಚ್ಛ.

"ನಿಮ್ಮ ರಕ್ತ ಸುಳ್ಳು ಹೇಳಿರಲಿಲ್ಲ," ಎಂದರು ಡಾಕ್ಟರು. "ಮೂಳೆಯಲ್ಲಿ ಏನೋ ಕೆಲಸ ನಡೆದಿದೆ ಎಂದು ಹೇಳಿತು. ಯಾವ ಕೆಲಸವೆಂದು ಹೇಳಬೇಕಾದವರು ನೀವು. ಹರಡಿರುವ ಲಕ್ಷಣ ಇದರಲ್ಲಿ ಕಾಣುವುದಿಲ್ಲ. ಎಲುಬು ಕೂಡಿದ ಮೇಲೆ ಇನ್ನೊಮ್ಮೆ ರಕ್ತ ನೋಡೋಣ, ಅದು ಇಳಿದಿದ್ದರೆ ನನಗೂ ನಿಶ್ಚಿಂತೆ. ಮತ್ತೆ, ಆ ಏಣಿಯನ್ನು ಯಾರಿಗಾದರೂ ಕೊಟ್ಟುಬಿಡಿ."

ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಆದರೆ ಆ ಇಲಿಯನ್ನು ಕಂಡು ಇಷ್ಟು ಸಂತೋಷಪಟ್ಟವರು ಯಾರೂ ಇರಲಿಕ್ಕಿಲ್ಲ. ರತ್ನಮ್ಮನವರಿಗೆ ಹೋದ ಜೀವ ಬಂತು. ಜೀವದ ಜೊತೆ ಬಾಯಿಯೂ ಬಂತು. ಮೆಟ್ರೋದಲ್ಲಿ ಮನೆಯವರೆಗೂ, ಹಿರಿಯರ ಸೀಟಿನಲ್ಲಿ ಗಂಡನ ಪಕ್ಕ ಕುಳಿತು, ಅವರು ಬೈದರು. ಏಣಿಗೆ ಬೈದರು, ಟಂಕಿಗೆ ಬೈದರು, ಹೇಳದೆ ಕೇಳದೆ ಮಾತ್ರೆ ಕೊಟ್ಟ ಕೆಮಿಸ್ಟನಿಗೆ ಬೈದರು, ಸ್ನಾನದ ಮನೆಯ ದೀಪಕ್ಕೂ ಟವೆಲಿಗೂ ಹಳೆಯ ಬಾಕಿ ಸೇರಿಸಿ ಬೈದರು. ಚಂದ್ರಪ್ಪ ಕಣ್ಣು ಮುಚ್ಚಿ, ಸುಖವಾಗಿ ತಲೆಯಾಡಿಸುತ್ತ ಕೇಳಿದರು. ಮನೆಗೆ ಬಂದ ಮೇಲೆ ಮೈತ್ರೇಯಿ ಪ್ಲಂಬರನನ್ನು ಕರೆಸಿ ಟಂಕಿಗೆ ಹೊಸ ಚೆಂಡು ಹಾಕಿಸಿದಳು. ಅರ್ಧ ಗಂಟೆಯ ಕೆಲಸ. ರತ್ನಮ್ಮ ಅವಳ ತಟ್ಟೆಗೆ ಕೇಳದೆಯೇ ತುಪ್ಪ ಹಾಕಿದರು. ಅದಕ್ಕಿಂತ ಹೆಚ್ಚಿನ ಕ್ಷಮಾಪಣೆ ಅತ್ತೆಯಿಂದ ಬರುವುದಿಲ್ಲವೆಂದು ಸೊಸೆಗೂ ಗೊತ್ತಿತ್ತು.

ಮತ್ತೆ ರಕ್ತ ಕೊಟ್ಟದ್ದು ಮೇ ತಿಂಗಳಲ್ಲಿ. ದಿಲ್ಲಿ ಕಾದ ಹೆಂಚಾಗಿತ್ತು. ವರದಿ ಬಂದದ್ದು ಮಹಂತೇಶನ ಫೋನಿಗೆ, ಅವನು ಆಫೀಸಿನಿಂದ ಬರುವ ದಾರಿಯಲ್ಲಿ. ಅವನು ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಫೋನನ್ನು ಊಟಕ್ಕೆ ಕುಳಿತಿದ್ದ ತಂದೆಯ ಮುಂದೆ ಇಟ್ಟ.

"ನಾನು ತೆಗೆದು ನೋಡಿಲ್ಲ ಅಪ್ಪಾಜಿ."

ಚಂದ್ರಪ್ಪ ಎಡಗೈಯಿಂದ ಕನ್ನಡಕ ಏರಿಸಿಕೊಂಡರು. ಓದಿದರು. ಮತ್ತೊಮ್ಮೆ ಮೇಲಿನಿಂದ ಓದಿದರು. ರತ್ನಮ್ಮ ಸೌಟು ಹಿಡಿದು ನಿಂತೇ ಇದ್ದರು. ಸಾರು ನೆಲಕ್ಕೆ ತೊಟ್ಟಿಕ್ಕುತ್ತಿರುವುದು ಅವರಿಗೆ ಗೊತ್ತಾಗಲಿಲ್ಲ.

"ಇಳಿದಿದೆ," ಎಂದರು ಚಂದ್ರಪ್ಪ. "ಪಿಎಸ್‌ಎ ಇದ್ದಲ್ಲೇ ಇದೆ. ಮೂಳೆದು ಪೂರ್ತಿ ಇಳಿದಿದೆ. ನೋಡಮ್ಮ ಮೈತ್ರೇಯಿ, ಸರಿಯಾಗಿ ಓದಿದೆನಾ?"

ಮೈತ್ರೇಯಿ ಬಗ್ಗಿ ನೋಡಿದಳು. "ಸರಿಯಾಗಿ ಓದಿದ್ರಿ ಮಾವ."

"ಮತ್ಲಬ್ ಅಜ್ಜ ಠೀಕ್ ಹೈ?" ಎಂದಳು ಸಿಂಚನಾ.

"ಠೀಕ್ ಇದೀನಿ ಕಂದಾ."

ರತ್ನಮ್ಮ ಗಂಡನ ಎದುರಿನ ಕುರ್ಚಿಯಲ್ಲಿ ಕುಸಿದು ಕುಳಿತು, ಎಲ್ಲರ ಮುಂದೆಯೇ ಅತ್ತರು. ಮುಚ್ಚಿಟ್ಟು ಅತ್ತು ಅವರಿಗೆ ಸಾಕಾಗಿತ್ತು. ಅಳು ತಹಬಂದಿಗೆ ಬಂದ ಮೇಲೆ ಹೇಳಿದರು: "ಇನ್ನು ಯಾರ ತಲೇನೂ ಮುಟ್ಟೋದು ಬೇಡ. ಬಿದ್ರೆ ಬಿದ್ದೆ ಅನ್ನಿ. ಅಷ್ಟು ಸಾಕು ನಂಗೆ."

"ಅಂತೀನಿ," ಎಂದರು ಚಂದ್ರಪ್ಪ. "ನೀನು?"

"ನಾನೇನು?"

"ಆರು ತಿಂಗಳಿಗೊಂದು ಸಲ ರಕ್ತ ಕೊಡೋದು ನಂಗೆ ತಪ್ಪಿದ್ದಲ್ಲ. ಒಂದಿನ ನಿಜವಾಗ್ಲೂ ಕೆಟ್ಟ ಸುದ್ದಿ ಬರಬಹುದು. ಅವತ್ತು ಏನು ಮಾಡ್ತೀಯ?"

ಮಹಂತೇಶ್ ಏನೋ ಹೇಳಲು ಹೊರಟ. ಮೈತ್ರೇಯಿ ಅವನ ತೋಳು ಮುಟ್ಟಿ ತಡೆದಳು. ರತ್ನಮ್ಮ ಗಂಡನ ಮುಖವನ್ನೇ ನೋಡಿದರು. ಇಷ್ಟು ತಿಂಗಳುಗಳಲ್ಲಿ ಮೊದಲ ಸಲ, ಕದ್ದು ನೋಡದೆ, ನೇರವಾಗಿ.

"ಹೇಳ್ತೀನಿ," ಎಂದರು. "ಅಳ್ತಾ ಅಳ್ತಾ ಹೇಳ್ತೀನಿ. ಆದ್ರೆ ನಿಮಗೇ ಮೊದಲು ಹೇಳ್ತೀನಿ."

ಚಂದ್ರಪ್ಪ ತಲೆಯಾಡಿಸಿ, ತಟ್ಟೆಯನ್ನು ಹೆಂಡತಿಯ ಕಡೆಗೆ ಸರಿಸಿದರು. ರತ್ನಮ್ಮ ಬಡಿಸಿದರು.